ಬಲತುದಿಯ ಜಮಖಾನ: ಎಡಗೈ ಕ್ಯಾಡೆಟ್ ಒಬ್ಬಳ ಪ್ರಕರಣ

ಐದು ಗುಂಡುಗಳಲ್ಲಿ ನಾಲ್ಕು ಟಾರ್ಗೆಟ್ಟಿನ ಎಡ ಅಂಚಿಗೆ ಚೆದುರಿ ಬಿದ್ದಿದ್ದವು. ಐದನೆಯದು ಕಾಗದಕ್ಕೇ ತಾಗಿರಲಿಲ್ಲ. 25 ಮೀಟರ್ ದೂರ, ಪಾಯಿಂಟ್ ಟೂ ಟೂ ರೈಫಲ್, ಎಲೆ ಅಲುಗದಂಥ ಬೆಳಗಿನ ಹೊತ್ತು. ಜಮಖಾನದ ಮೇಲೆ ಮಲಗಿ ಗುಂಡು ಹೊಡೆದ ಹುಡುಗಿ ಎದ್ದಾಗ ಎಡಗಣ್ಣಿನಿಂದ ನೀರು ಇಳಿಯುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ಆಮೇಲೆ ತಿಳಿಯಿತು, ಅದು ಅಳು ಅಲ್ಲ, ಇಪ್ಪತ್ತು ನಿಮಿಷ ಆ ಕಣ್ಣನ್ನು ಬಲವಂತವಾಗಿ ಮುಚ್ಚಲು ಹೆಣಗಿದ್ದರ ಆಯಾಸ.

ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಎನ್‌ಸಿಸಿ ಜವಾಬ್ದಾರಿಯೂ ನನ್ನ ಮೇಲಿದೆ. ಈ ಹುಡುಗಿ ಆಗ ಬಿಕಾಂ ಎರಡನೇ ವರ್ಷ. ಹೆಸರು ಇಲ್ಲಿ ಬೇಡ. ಹರಿಹರದ ಕಡೆಯ ಹಳ್ಳಿ, ಮನೆಯಲ್ಲಿ ಮೆಕ್ಕೆಜೋಳದ ಬೇಸಾಯ. ಬರೆಯುವುದು, ಚೆಂಡು ಎಸೆಯುವುದು, ಕುಡುಗೋಲು ಹಿಡಿಯುವುದು ಎಲ್ಲ ಎಡಗೈಯಲ್ಲಿ. ಊಟ ಮಾತ್ರ ಬಲಗೈಯಲ್ಲಿ, ಅದು ಅಜ್ಜಿ ಕಲಿಸಿದ್ದು. ಶಿಬಿರಕ್ಕೆ ಬಂದಿದ್ದ ಹವಾಲ್ದಾರರು ಮೊದಲ ದಿನವೇ ರೈಫಲ್ಲಿನ ಬಟ್ಟನ್ನು, ಅಂದರೆ ಹಿಂತುದಿಯನ್ನು, ಅವಳ ಎಡ ಭುಜದಿಂದ ತೆಗೆಸಿ ಬಲ ಭುಜಕ್ಕೆ ಇಡಿಸಿದ್ದರು. ಪಕ್ಕದಲ್ಲೇ ನಿಂತಿದ್ದ ನಾನು ಅದನ್ನು ಸರಿ ಎಂದೇ ಒಪ್ಪಿದ್ದೆ. ಈ ಪ್ರಕರಣವನ್ನು ಬರೆದಿಡಲು ಮೊದಲ ಕಾರಣ ನನ್ನ ಆ ಒಪ್ಪಿಗೆ.

ಮೂರು ದಿನ ಅಭ್ಯಾಸ ನಡೆಯಿತು. ಗುಂಡುಗಳ ಗುಂಪು, ಅಂದರೆ ಅತಿ ದೂರ ಬಿದ್ದ ಎರಡು ತೂತುಗಳ ನಡುವಿನ ಅಂತರ, 19 ಸೆಂಟಿಮೀಟರಿಗಿಂತ ಕೆಳಗೆ ಬರಲೇ ಇಲ್ಲ. ಅದೂ ಪ್ರತಿ ಸಲ ಎಡಕ್ಕೇ. "ಶಿಸ್ತ್ ಠೀಕ್ ಸೇ ನಹೀ ಲೇತೀ" ಎಂದು ಹವಾಲ್ದಾರರು ಷರಾ ಬರೆದರು. ಸೈನ್ಯದ ಹಿಂದಿಯಲ್ಲಿ ಶಿಸ್ತ್ ಎಂದರೆ ಗುರಿ ಹಿಡಿಯುವುದು. ಮರಾಠಿಯಲ್ಲಿ ಅದೇ ಪದಕ್ಕೆ ಗುರಿ ಎಂಬ ಅರ್ಥವೂ ಇದೆ, ಕ್ರಮ ಎಂಬ ಅರ್ಥವೂ ಇದೆ. ಕನ್ನಡದ ನಾವು ದಿನಬೆಳಗಾದರೆ ಹೇಳುವ ಶಿಸ್ತು ಎರಡನೆಯದು. ಈ ಹುಡುಗಿಯ ವಿಷಯದಲ್ಲಿ ಎರಡು ಅರ್ಥಗಳೂ ಒಂದಕ್ಕೊಂದು ಅಡ್ಡ ನಿಂತಿದ್ದವು. ಎಲ್ಲರ ಹಾಗೆ ಕ್ರಮವಾಗಿ ಬಲಕ್ಕೆ ಹಿಡಿದರೆ ಗುರಿ ಕೈಗೆ ಸಿಗುತ್ತಿರಲಿಲ್ಲ.

ನಾಲ್ಕನೇ ದಿನ ಪಕ್ಕ ಕೂರಿಸಿಕೊಂಡು ಕೇಳಿದೆ. "ಎಡಗಣ್ಣು ಮುಚ್ಚಿದಾಗ ಏನು ಕಾಣ್ತದಮ್ಮಾ?"

"ಮುಚ್ಚಾಕೇ ಬರಲ್ಲ ಸರ್. ಅದೊಂದನ್ನ ಮುಚ್ಚಿದ್ರೆ ಎರಡೂ ಮುಚ್ಕಂಬಿಡ್ತಾವೆ. ಬಲಗಣ್ಣಾದ್ರೆ ಸಲೀಸಾಗಿ ಮುಚ್ಚತ್ತೆ."

ಮೈದಾನದಾಚೆ ನೀರಿನ ಟ್ಯಾಂಕ್ ಇತ್ತು. ಎರಡೂ ಅಂಗೈ ಮುಂದಕ್ಕೆ ಚಾಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಪುಟ್ಟ ತ್ರಿಕೋನ ಬಿಟ್ಟು, ಎರಡೂ ಕಣ್ಣು ತೆರೆದು ಅದರೊಳಗೆ ಟ್ಯಾಂಕನ್ನು ನೋಡು ಅಂದೆ. ನೋಡಿದಳು. ಟ್ಯಾಂಕು ತಪ್ಪದ ಹಾಗೆ ಕೈಗಳನ್ನು ಮೆಲ್ಲಗೆ ಮುಖದ ಹತ್ತಿರ ತಾ ಅಂದೆ. ತ್ರಿಕೋನ ನೇರವಾಗಿ ಬಂದು ಎಡಗಣ್ಣಿನ ಮೇಲೆ ಕೂತಿತು. ಮೂರು ಸಲ ಮಾಡಿಸಿದರೂ ಅದೇ.

ಕೈಯಲ್ಲಿ ಬಲ ಎಡ ಇರುವ ಹಾಗೆ ಕಣ್ಣಿನಲ್ಲೂ ಇದೆ. ಮಿದುಳು ಒಂದು ಕಣ್ಣಿನ ನೋಟವನ್ನು ಹೆಚ್ಚು ನಂಬುತ್ತದೆ. ಗುರಿಕಾರರು ಅದನ್ನು ಮಾಸ್ಟರ್ ಐ ಅನ್ನುತ್ತಾರೆ. ಹತ್ತರಲ್ಲಿ ಒಬ್ಬರು ಎಡಗೈಯವರು ಎಂಬುದು ಸ್ಥೂಲ ಲೆಕ್ಕ. ಎಡಗಣ್ಣಿನವರು ಅದಕ್ಕಿಂತ ಎಷ್ಟೋ ಹೆಚ್ಚು, ಸುಮಾರು ಮೂರರಲ್ಲಿ ಒಬ್ಬರು. ಕೈ ಬಲ, ಕಣ್ಣು ಎಡ ಆಗಿರುವವರೂ ನಮ್ಮ ನಡುವೆ ಬೇಕಾದಷ್ಟಿದ್ದಾರೆ. ರೈಫಲ್ ಬಲ ಭುಜದಲ್ಲಿ ಇದ್ದು ಗುರಿಯನ್ನು ಎಡಗಣ್ಣು ಹಿಡಿಯಿತು ಎಂದರೆ ಕಣ್ಣು ಒಂದು ಗೆರೆ, ನಳಿಗೆ ಇನ್ನೊಂದು ಗೆರೆ. ಗುಂಡು ಎಡಕ್ಕೆ ಹೋಗುತ್ತದೆ. ಅವಳ ಟಾರ್ಗೆಟ್ ಕಾಗದ ಮೂರು ದಿನದಿಂದ ಇದನ್ನೇ ಹೇಳುತ್ತಿತ್ತು. ಓದುವವರು ಇರಲಿಲ್ಲ.

ರಂಜಕದ ಬಟ್ಟಲು ಬಲಕ್ಕೆ ಯಾಕೆ

ಹವಾಲ್ದಾರರ ನಿಯಮವನ್ನು ಮೊಂಡುತನ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದರ ಬೇರು ನಾನೂರು ವರ್ಷ ಕೆಳಗೆ ಇಳಿದಿದೆ, ಮತ್ತು ಒಂದು ಕಾಲಕ್ಕೆ ಅದು ಮುಖ ಮತ್ತು ಕಣ್ಣು ಉಳಿಸಿದ ನಿಯಮ.

ಬತ್ತಿಯ ಬಂದೂಕನ್ನು ನೆನಪಿಸಿಕೊಳ್ಳಿ. ನಳಿಗೆಯ ಬಲಗಡೆ ಒಂದು ಸಣ್ಣ ಬಟ್ಟಲು, ಅದರಲ್ಲಿ ರಂಜಕ ಎಂಬ ನುಣ್ಣನೆಯ ಮದ್ದು. ಉರಿಯುವ ಬತ್ತಿ ಬಂದು ಬಟ್ಟಲಿಗೆ ತಾಗಿದರೆ ಭಗ್ ಎಂದು ಹತ್ತಿಕೊಳ್ಳುತ್ತದೆ, ಆ ಕಿಡಿ ನಳಿಗೆಯ ಕಿವಿ ಎಂಬ ಸಣ್ಣ ತೂತಿನ ಮೂಲಕ ಒಳಗಿನ ಮದ್ದಿಗೆ ಹೋಗುತ್ತದೆ. ಬಲ ಭುಜದವನ ಕೆನ್ನೆ ಬಂದೂಕಿನ ಎಡಗಡೆಗಿರುತ್ತದೆ, ಬೆಂಕಿ ಆಚೆ ಬದಿಗೆ ಚಿಮ್ಮುತ್ತದೆ. ಅದೇ ಬಂದೂಕನ್ನು ಎಡ ಭುಜಕ್ಕೆ ಇಟ್ಟರೆ ಕೆನ್ನೆ ಬಲಗಡೆಗೆ, ಅಂದರೆ ಬಟ್ಟಲು ಇರುವ ಬದಿಗೇ ಬರುತ್ತದೆ. ರಂಜಕ ಹತ್ತಿಕೊಳ್ಳುವುದು ಮುಖದ ಮುಂದೆ. ಮುಂದೆ ಚಕಮಕಿ ಕಲ್ಲಿನ ಬಂದೂಕು ಬಂದಾಗಲೂ ಬಟ್ಟಲು ಬಲಕ್ಕೇ ಉಳಿಯಿತು, ಕಿಡಿ ಜೊತೆಗೆ ಕಲ್ಲಿನ ಚೂರೂ ಸೇರಿಕೊಂಡಿತು.

ಇದು ಒಬ್ಬನ ಕಷ್ಟ. ಸಾಲಿನದು ಇದಕ್ಕಿಂತ ದೊಡ್ಡದು. ಆ ಕಾಲದ ಬಂದೂಕಿಗೆ ದೂರದ ಗುರಿ ಇರಲಿಲ್ಲ. ಅಕ್ಕಪಕ್ಕ ಸಾಲು ನಿಂತು ಎಲ್ಲರೂ ಒಟ್ಟಿಗೆ ಹಾರಿಸಿದರೆ ಮಾತ್ರ ಪರಿಣಾಮ. ಸೊಂಟದ ಬಳಿ ಮದ್ದು, ಕೈಯಲ್ಲಿ ಉರಿಯುವ ಬತ್ತಿ, ಪಕ್ಕದವನ ಸೊಂಟದಲ್ಲೂ ಮದ್ದು. ಹೀಗಿರುವಾಗ ಒಬ್ಬೊಬ್ಬ ಒಂದೊಂದು ಥರ ಕೈ ಆಡಿಸಿದರೆ ಸಾಲೇ ಹೊತ್ತಿಕೊಳ್ಳುತ್ತದೆ. ಅದಕ್ಕೇ 1607ರಲ್ಲಿ ಡಚ್ ಕಲಾವಿದ ಯಾಕೋಬ್ ದ ಗೇಯ್ನ್ ಬಂದೂಕು ತುಂಬುವ, ಹಾರಿಸುವ ಪ್ರತಿಯೊಂದು ಹೆಜ್ಜೆಯನ್ನೂ ಚಿತ್ರ ಬರೆದು ಪುಸ್ತಕ ಮಾಡಿದ. ಯುರೋಪಿನ ಕವಾಯತು ಆ ದಾರಿಯಲ್ಲಿ ಬೆಳೆಯಿತು. ಬ್ರಿಟಿಷ್ ಸಿಪಾಯಿಯ ತೋಟಾ ಪೆಟ್ಟಿಗೆ ಬಲ ಸೊಂಟಕ್ಕೆ, ಬಯೊನೆಟ್ಟು ಎಡ ಸೊಂಟಕ್ಕೆ. ಕಾಗದದ ತೋಟಾವನ್ನು ಬಲಗೈಯಲ್ಲಿ ತೆಗೆದು ಹಲ್ಲಲ್ಲಿ ಕಚ್ಚಿ ಹರಿದು ಸುರಿಯಬೇಕು. ಎಡಚನಿಗೆ ಆ ಸಾಲಿನಲ್ಲಿ ಜಾಗವಿತ್ತು, ಅವನ ಎಡಗೈಗೆ ಮಾತ್ರ ಇರಲಿಲ್ಲ.

ಕತ್ತಿಯ ಕಾಲದಲ್ಲಿ ಹೀಗಿರಲಿಲ್ಲ ಎಂಬುದನ್ನು ತರಗತಿಯಲ್ಲಿ ನಾನು ಒತ್ತಿ ಹೇಳುತ್ತೇನೆ. ಒಬ್ಬರೆದುರು ಒಬ್ಬರು ಕತ್ತಿ ಹಿಡಿದು ನಿಂತಾಗ ಎಡಗೈಯವನದೇ ಮೇಲುಗೈ, ಯಾಕೆಂದರೆ ಅವನು ದಿನವೂ ಬಲಗೈಯವರ ಜೊತೆ ಆಡಿರುತ್ತಾನೆ, ಅವರು ಅವನಂಥವರ ಜೊತೆ ಆಡಿದ್ದು ಕಡಿಮೆ. ಕವಣೆಯ ಮಾತೂ ಹಾಗೇ. ಬೈಬಲ್ಲಿನ ನ್ಯಾಯಸ್ಥಾಪಕರ ಭಾಗದಲ್ಲಿ ಬೆನ್ಯಾಮೀನ್ ಕುಲದ 700 ಮಂದಿ ಎಡಚರ ಮಾತು ಬರುತ್ತದೆ. ಕೂದಲೆಳೆಗೂ ಗುರಿ ತಪ್ಪದೆ ಕವಣೆ ಕಲ್ಲು ಹೊಡೆಯುವವರು. ಈ ಸಾಲನ್ನು ಓದಿ ಹೇಳಿದಾಗ ಹುಡುಗಿಯ ಮುಖ ಅರಳಿತು. ಚಿಕ್ಕವಳಿದ್ದಾಗ ಜೋಳದ ಹೊಲದ ಅಟ್ಟದ ಮೇಲೆ ಕೂತು ಕವಣೆಯಲ್ಲಿ ಹಕ್ಕಿ ಕಾದವಳು ಅವಳು. "ನಮ್ಮಜ್ಜಿ ಅನ್ನೋಳು ಸರ್, ರೊಡ್ಡಗೈಯಾಗೆ ಬೀಸಿದ್ರೆ ಕಲ್ಲು ಗಿಣಿ ಇರೋ ತೆನೀಗೇ ಹೋಗ್ತತೆ ಅಂತ." ಉಣ್ಣುವ ಕೈಯನ್ನು ಬದಲಿಸಿದ ಅದೇ ಅಜ್ಜಿ ಕವಣೆಯ ಕೈಯನ್ನು ಬದಲಿಸಿರಲಿಲ್ಲ.

ನಮ್ಮವರ ಮಾತಿಗೆ ಬಂದರೆ ಅರ್ಜುನ ಸವ್ಯಸಾಚಿ, ಎಡಗೈಯಲ್ಲೂ ಬಾಣ ಬಿಡಬಲ್ಲವನು. ವಿರಾಟಪರ್ವದಲ್ಲಿ ಉತ್ತರನಿಗೆ ತನ್ನ ಹೆಸರುಗಳನ್ನು ಬಿಡಿಸಿ ಹೇಳುವಾಗ, ಗಾಂಡೀವ ಸೆಳೆಯುವುದರಲ್ಲಿ ನನ್ನ ಎರಡೂ ಕೈ ಬಲಗೈಯೇ ಅನ್ನುತ್ತಾನೆ. ಎಷ್ಟೋ ವರ್ಷ ಆ ಮಾತನ್ನು ಮೆಚ್ಚಿ ಪಾಠ ಮಾಡಿದ್ದೇನೆ. ಈ ಪ್ರಕರಣದ ನಂತರ ಅಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಎಡಗೈಯನ್ನು ಹೊಗಳಬೇಕಾದರೂ ಅದನ್ನು ಬಲಗೈ ಎಂದೇ ಕರೆಯಬೇಕಾಯಿತಲ್ಲ.

ಬೋಲ್ಟಿನ ಕಾಲಕ್ಕೆ ಬರೋಣ. ಬೋಲ್ಟ್ ಎಂದರೆ ಪ್ರತಿ ಗುಂಡಿನ ನಂತರ ಕೈಯಲ್ಲಿ ಎಳೆದು ತಳ್ಳಿ ಮುಂದಿನ ಗುಂಡು ತುಂಬುವ ಅಗುಳಿ. ರಂಜಕ ಹೋಯಿತು, ಕಿಡಿ ಹೋಯಿತು, ಸಾಲು ಚದುರಿ ಸೈನಿಕ ಕಂದಕಕ್ಕೆ ಇಳಿದ. ಬ್ರಿಟಿಷರ ಲೀ ಎನ್‌ಫೀಲ್ಡ್ ಪಾಯಿಂಟ್ ತ್ರೀ ನಾಟ್ ತ್ರೀ ರೈಫಲ್ ಬಂತು, ಹತ್ತು ಗುಂಡಿನ ಮ್ಯಾಗಜಿನ್. 1914ರ ಮೊದಲು ಬ್ರಿಟಿಷ್ ಪದಾತಿಗೆ 300 ಗಜದ ಗುರಿಗೆ ಒಂದು ನಿಮಿಷದಲ್ಲಿ 15 ಗುಂಡು ಹೊಡೆಯುವ ಪರೀಕ್ಷೆ ಇತ್ತು. ಅದನ್ನು ಸಾಧ್ಯ ಮಾಡಿದ್ದು ಬಲಕ್ಕಿದ್ದ ಬೋಲ್ಟಿನ ಹಿಡಿ: ಬಲಗೈ ಟ್ರಿಗರ್ ಬಿಟ್ಟು ಹಿಡಿಗೆ ಹೋಗಿ ಮರಳಿ ಟ್ರಿಗರಿಗೆ ಬರುವುದು ಗೇಣುದ್ದದ ಹಾದಿ. ಎಡ ಭುಜದವನು ಎಡಗೈಯನ್ನು ರೈಫಲ್ಲಿನ ಮೇಲಿಂದ ದಾಟಿಸಿ ಆಚೆಯ ಹಿಡಿಯನ್ನು ಹಿಡಿಯಬೇಕು, ಪ್ರತಿ ಗುಂಡಿಗೂ ಗುರಿ ಕಳೆದುಕೊಳ್ಳಬೇಕು. ಇಲ್ಲಿ ಅಪಾಯ ಇಲ್ಲ, ತಡ ಇದೆ. ನಿಯಮ ಅದೇ ಉಳಿದರೂ ಅದರ ಹಿಂದಿನ ಕಾರಣ ಬದಲಾಗಿತ್ತು. ಇದನ್ನು ಗಮನಿಸಿದ್ದೇ ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುವು. ಕಣ್ಣು ಸುಟ್ಟುಕೊಳ್ಳುವ ಭಯಕ್ಕೆ ಹುಟ್ಟಿದ ಕಟ್ಟಳೆ ಅರ್ಧ ನಿಮಿಷದ ತಡಕ್ಕೂ ಅಷ್ಟೇ ಬಿಗಿಯಾಗಿ ನಡೆಯುತ್ತಿತ್ತು.

ದುರ್ಗದ ಬಾಗಿಲಲ್ಲಿ

ಶಿಬಿರದ ನಡುವೆ ಒಂದು ದಿನ ಚಿತ್ರದುರ್ಗಕ್ಕೆ ಚಾರಣ ಇತ್ತು. ಮದ್ದು ಬೀಸುತ್ತಿದ್ದರೆನ್ನುವ ದೊಡ್ಡ ಕಲ್ಲುಗಳ ಬಳಿ ಎಲ್ಲರನ್ನೂ ಕೂರಿಸಿ, 1779ರಲ್ಲಿ ಹೈದರಾಲಿ ಕೋಟೆ ಹಿಡಿದ ಕಥೆ ಹೇಳಿದೆ. ಹತ್ತರಲ್ಲಿ ಒಬ್ಬರು ಎಡಚರು ಅನ್ನುವುದಾದರೆ ಮದಕರಿ ನಾಯಕನ ಪಡೆಯಲ್ಲೂ ಹೈದರನ ಪಡೆಯಲ್ಲೂ ಅವರು ಇದ್ದೇ ಇದ್ದರು. ಯಾವ ಕೈಗೂ ಒಗ್ಗುತ್ತಿದ್ದ ಆಯುಧ ಒಂದಿತ್ತು, ಮೈಸೂರಿನ ಬಾಣ. ಕಬ್ಬಿಣದ ಕೊಳವೆಗೆ ಬಿದಿರು ಕಟ್ಟಿ ಹಾರಿಸುವ ಆ ರಾಕೆಟ್ಟಿಗೆ ಭುಜವೂ ಬೇಡ, ಕೆನ್ನೆಯೂ ಬೇಡ.

ಈ ಕೋಟೆಯ ಹಾದಿ ಬಾಗಿಲು ದಾಟಿದ ಕೂಡಲೇ ಗೋಡೆಗೆ ಎದುರಾಗಿ ತಿರುಗುತ್ತದೆ, ಮತ್ತೆ ತಿರುಗುತ್ತದೆ. ಒಂದು ತಿರುವಿನಲ್ಲಿ ಹುಡುಗಿ ಕೈಯಲ್ಲಿದ್ದ ಕೋಲನ್ನು ಬಂದೂಕಿನ ಹಾಗೆ ಎಡ ಭುಜಕ್ಕೆ ಇಟ್ಟು ಗೋಡೆಯ ಮರೆಯಿಂದ ಎಡಕ್ಕೆ ಇಣುಕಿದಳು. ಆಚೆ ನಿಂತಿದ್ದ ನನಗೆ ಕಂಡದ್ದು ಕೋಲಿನ ತುದಿ, ಅರ್ಧ ಹಣೆ, ಒಂದು ಕಣ್ಣು. ಅದೇ ಮೂಲೆಯಲ್ಲಿ ಅವಳ ಗೆಳತಿ ಬಲ ಭುಜಕ್ಕೆ ಕೋಲು ಇಟ್ಟು ಇಣುಕಿದಳು, ಎದೆಯವರೆಗೂ ಹೊರಗೆ ಬಂದಳು. ಮುಂದಿನ ತಿರುವು ಬಲಕ್ಕಿತ್ತು, ಅಲ್ಲಿ ಲೆಕ್ಕ ತಿರುಗುಮುರುಗಾಯಿತು. ಕಲ್ಲಿನ ಗೋಡೆಗೆ ಯಾವ ಭುಜದ ಪಕ್ಷಪಾತವೂ ಇಲ್ಲ. ಬೀದಿ ಕಾಳಗದ ತರಬೇತಿಯಲ್ಲಿ ಇವತ್ತು ಎರಡೂ ಭುಜದಿಂದ ಹಾರಿಸುವುದನ್ನು ಕಲಿಸುವುದು ಮುಖ್ಯವಾಗಿ ಈ ಕಾರಣಕ್ಕೇ. ಬಲಗೈ ಕ್ಯಾಡೆಟ್ಟುಗಳೆಲ್ಲ ಅಂದು ಕೋಲನ್ನು ಎಡಕ್ಕೆ ಬದಲಾಯಿಸಿ ನೋಡಿ ತಡಬಡಾಯಿಸಿದರು.

ಭುಜ ಬದಲಿಸಿದ್ದು

ಮರುದಿನ ಹವಾಲ್ದಾರರ ಹತ್ತಿರ ಮಾತಾಡಿದೆ. ತ್ರಿಕೋನದ ಪರೀಕ್ಷೆಯನ್ನು ಅವರ ಮೇಲೂ ಮಾಡಿಸಿದೆ. ಅವರದು ಬಲಗಣ್ಣು. ಕೇಳಿಸಿಕೊಂಡರು, ತಕ್ಷಣ ಒಪ್ಪಲಿಲ್ಲ. ಅವರ ಆಕ್ಷೇಪಗಳಲ್ಲಿ ಹುರುಳಿತ್ತು. ನನಗೆ ಹೊಳೆಯದ ಒಂದನ್ನು ಅವರೇ ತೋರಿಸಿದರು. ಮಲಗಿ ಗುಂಡು ಹೊಡೆಯುವಾಗ ಮೈ ರೈಫಲ್ಲಿನ ನೇರಕ್ಕೆ ಇರುವುದಿಲ್ಲ. ಬಲ ಭುಜದವರ ಕಾಲು ಎಡಕ್ಕೆ ಓರೆಯಾಗುತ್ತದೆ, ಎಡ ಭುಜದವರ ಕಾಲು ಬಲಕ್ಕೆ. ಎಲ್ಲರೂ ಒಂದೇ ಥರ ಓರೆಯಾಗಿದ್ದರೆ ತೊಂದರೆ ಇಲ್ಲ. ನಡುವೆ ಒಬ್ಬಳು ಎಡದವಳು ಬಂದರೆ ಅವಳ ಕಾಲೂ ಬಲಗಡೆಯವರ ಕಾಲೂ ಒಂದೇ ಜಾಗಕ್ಕೆ ಬಂದು ತಾಗುತ್ತವೆ. ಟ್ರಿಗರ್ ಎಳೆಯುವ ಹೊತ್ತಿಗೆ ಪಕ್ಕದವಳ ಬೂಟು ತಾಗಿದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನಾನೂರು ವರ್ಷದ ಹಿಂದಿನ ಬಂದೂಕಿನ ಸಾಲು ನನ್ನ ಕಣ್ಣ ಮುಂದೆ ನಮ್ಮ ಮೈದಾನದಲ್ಲಿ ಮಲಗಿದಂತೆ ಅನಿಸಿತು. ಪಕ್ಕದವರ ಪ್ರಶ್ನೆ ಮುಗಿದಿಲ್ಲ, ರೂಪ ಬದಲಿಸಿಕೊಂಡು ಕೂತಿದೆ. ಆದರೆ ಇದಕ್ಕೆ ಉತ್ತರ ಸಲೀಸು: ಅವಳ ಜಮಖಾನವನ್ನು ಸಾಲಿನ ಬಲತುದಿಗೆ ಹಾಕುವುದು. ಬಲಗಡೆ ಯಾರೂ ಇರುವುದಿಲ್ಲ, ಕಾಲು ಎಷ್ಟು ಬೇಕಾದರೂ ಚಾಚಬಹುದು. ಎಡಗಡೆಯವರ ಕಾಲು ಅವಳಿಂದ ದೂರಕ್ಕೇ ಹೋಗುತ್ತದೆ. ನಡುವೆ ಒಂದು ಜಮಖಾನದಷ್ಟು ಜಾಗ ಖಾಲಿ ಬಿಟ್ಟೆವು.

ಮೊದಲ ದಿನ ಗುಂಡಿಲ್ಲದೆ ಅಭ್ಯಾಸ. ಎಡ ಭುಜಕ್ಕೆ ಬಟ್ಟು, ಎಡ ತೋರುಬೆರಳು ಟ್ರಿಗರಿನಲ್ಲಿ, ಕೆನ್ನೆ ಕಟ್ಟಿಗೆಗೆ ಒತ್ತಿ. ಬೋಲ್ಟಿಗೆ ಎಡಗೈ ದಾಟಿಸುವುದು ಬೇಡ ಅಂದೆ. ರೈಫಲ್ಲಿನ ಮುಂಭಾಗವನ್ನು ಮರಳಿನ ಚೀಲದ ಮೇಲೆ ಒರಗಿಸಿ, ಎಡಗೈ ಹಿಡಿತ ಬಿಡದೆ, ಬಲಗೈಯಲ್ಲಿ ಬೋಲ್ಟ್ ಎಳೆಯುವುದು. ಮೊದಲಿಗೆ ಬಲಗೈ ಹಿಡಿಯನ್ನು ತಡಕಾಡುತ್ತಿತ್ತು. ಐವತ್ತು, ಅರವತ್ತು ಸಲ ಖಾಲಿ ಬೋಲ್ಟ್ ಎಳೆದ ಮೇಲೆ ನೋಡದೆಯೇ ಸಿಕ್ಕತೊಡಗಿತು. ಬಲಗಣ್ಣು ಮುಚ್ಚು ಎಂದು ಹೇಳಬೇಕಾಗಲಿಲ್ಲ, ಅದು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಎರಡನೇ ದಿನ ಐದು ಗುಂಡು. "ಭರ್", ಅಂದರೆ ತುಂಬು, ಅಂದರು ಹವಾಲ್ದಾರರು. ನಾನು ಹಿಂದೆ ಮಂಡಿಯೂರಿ ಕೂತು ಅವಳ ಬೆನ್ನನ್ನೇ ನೋಡುತ್ತಿದ್ದೆ. ಬಲ ಭುಜದಲ್ಲಿ ಹೊಡೆಯುವಾಗ ಉಸಿರು ಬಿಗಿಹಿಡಿದು ಕುತ್ತಿಗೆ ಓರೆ ಮಾಡುತ್ತಿದ್ದವಳು ಇಂದು ಗೋಡೆಗೆ ಒರಗಿ ಕೂತವಳ ಹಾಗೆ ಸಡಿಲವಾಗಿದ್ದಳು. ಟಾರ್ಗೆಟ್ ಬಿಚ್ಚಿ ತಂದಾಗ ಐದೂ ತೂತು ಕಾಗದದ ಮೇಲಿದ್ದವು. ಗುಂಪು 8 ಸೆಂಟಿಮೀಟರ್, ನಡುವಿಗಿಂತ ಚೂರು ಕೆಳಗೆ. ಶಿಬಿರ ಮುಗಿಯುವ ಹೊತ್ತಿಗೆ 5ಕ್ಕೆ ಬಂತು. ಹವಾಲ್ದಾರರು ತಾವು ಮೊದಲು ಬರೆದ ಷರಾವನ್ನು ಹೊಡೆದುಹಾಕಿ, ಪಕ್ಕದಲ್ಲಿ "ಲೆಫ್ಟ್ ಶೋಲ್ಡರ್" ಎಂದಷ್ಟೇ ಬರೆದು ಸಹಿ ಮಾಡಿದರು. ಅವರ ಮೇಲೆ ಗೌರವ ಆಗ ಇನ್ನಷ್ಟು ಹೆಚ್ಚಿತು.

ಎಲ್ಲವೂ ಸುಸೂತ್ರವಾಗಿ ನಡೆಯಿತು ಎಂದು ಬರೆದರೆ ತಪ್ಪಾಗುತ್ತದೆ. ಕಾಲಮಿತಿಯ ಫೈರಿಂಗಿನಲ್ಲಿ ಅವಳು ಹಿಂದೆಯೇ ಉಳಿದಳು. ಉಳಿದವರು ಐದನೇ ಗುಂಡು ಮುಗಿಸಿದಾಗ ಅವಳು ಮೂರನೆಯದರಲ್ಲಿ ಇರುತ್ತಿದ್ದಳು. ಬಲಕ್ಕೆ ಬೋಲ್ಟ್ ಇರುವ ರೈಫಲ್ಲಿನಲ್ಲಿ ಈ ನಷ್ಟವನ್ನು ಪೂರ್ತಿ ತುಂಬಿಸುವ ಉಪಾಯ ನನಗೆ ಸಿಕ್ಕಿಲ್ಲ. ಮುಂದೆ ಒಂದು ಆಯ್ಕೆಯ ಸುತ್ತಿಗೆ ಹೋದಾಗ ಅಲ್ಲಿದ್ದ ಅಧಿಕಾರಿಯೊಬ್ಬರು ಎಡ ಭುಜ ನಡೆಯುವುದಿಲ್ಲ, ಸುರಕ್ಷತೆಯ ಪ್ರಶ್ನೆ ಎಂದುಬಿಟ್ಟರು. ಬಲತುದಿಯ ಜಾಗ ಕೇಳಿದೆ. ಸಾಲನ್ನು ಮೊದಲೇ ಗೊತ್ತುಮಾಡಿ ಆಗಿದೆ ಎಂಬ ಉತ್ತರ ಬಂತು. ಅವಳು ಬಲ ಭುಜದಲ್ಲೇ ಹೊಡೆದಳು, ಆಯ್ಕೆಯಾಗಲಿಲ್ಲ. ಒಂದು ಜಮಖಾನವನ್ನು ಹತ್ತು ಅಡಿ ಸರಿಸುವ ಕೆಲಸ ಅದು. ಆ ದಿನದ ಬಗ್ಗೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಸಮಸ್ಯೆ ನಮ್ಮ ಹಳೆಯ ರೈಫಲ್ಲಿಗಷ್ಟೇ ಸೀಮಿತವಲ್ಲ. ನಮ್ಮ ಸೈನ್ಯದ ಇನ್ಸಾಸ್ ರೈಫಲ್ ಖಾಲಿ ತೋಟಾವನ್ನು ಬಲಕ್ಕೇ ಉಗುಳುತ್ತದೆ. 1985ರಲ್ಲಿ ಬ್ರಿಟಿಷ್ ಸೈನ್ಯ ತಂದ ಎಸ್‌ಎ 80 ರೈಫಲ್ಲನ್ನು ಎಡ ಭುಜದಿಂದ ಹಾರಿಸುವಂತೆಯೇ ಇಲ್ಲ. ಹಿಂದೆ ಮುಂದೆ ಓಡುವ ಹಿಡಿಯೂ ಬಿಸಿ ತೋಟಾವೂ ನೇರ ಮುಖಕ್ಕೆ ಬರುತ್ತವೆ, ಹಾಗಾಗಿ ಅಲ್ಲಿನ ಎಡಚರೆಲ್ಲ ಬಲ ಭುಜವನ್ನೇ ಕಲಿಯಬೇಕು. ಅಮೆರಿಕದವರು ಎಂ 16 ಎ 2ಕ್ಕೆ ತೋಟಾ ಹೊರಬೀಳುವ ಕಿಂಡಿಯ ಹಿಂದೆ ಒಂದು ಸಣ್ಣ ಉಬ್ಬು ಇಟ್ಟರು, ಬಿಸಿ ತೋಟಾ ಅದಕ್ಕೆ ಬಡಿದು ಮುಖದಿಂದ ಆಚೆಗೆ ಹಾರುತ್ತದೆ. ಆಸ್ಟ್ರಿಯಾದ ಸ್ಟೈರ್ ಎಯುಜಿಯಲ್ಲಿ ಬೋಲ್ಟ್ ಬದಲಿಸಿದರೆ ತೋಟಾ ಎಡಗಡೆಯಿಂದಲೇ ಹೊರಗೆ ಬರುತ್ತದೆ. ಅಂದರೆ ಮನಸ್ಸು ಮಾಡಿದ ಕಡೆ ಆಗಿದೆ.

ಅವಳು ಈಗ ಅಂತಿಮ ವರ್ಷ, ಸೀನಿಯರ್. ಹೊಸಬರ ಬ್ಯಾಚು ಬಂದ ಮೊದಲ ದಿನ, ರೈಫಲ್ಲುಗಳು ಇನ್ನೂ ಪೆಟ್ಟಿಗೆಯಲ್ಲಿರುವಾಗಲೇ, ಎಲ್ಲರನ್ನೂ ನೀರಿನ ಟ್ಯಾಂಕಿನ ಕಡೆ ಮುಖ ಮಾಡಿ ನಿಲ್ಲಿಸಿ ಅಂಗೈ ಚಾಚಿಸಿದಳು. ಇಪ್ಪತ್ತೆರಡು ಜನರಲ್ಲಿ ಏಳು ಜನರ ತ್ರಿಕೋನ ಎಡಗಣ್ಣಿಗೆ ಬಂತು. ಆ ಏಳರಲ್ಲಿ ಎಡಗೈಯವರು ಇಬ್ಬರೇ. ಆ ಇಬ್ಬರಿಗೆ ಬಲತುದಿಯಲ್ಲಿ ಎರಡು ಜಮಖಾನ ಹಾಕಿದ್ದೇವೆ. ಬಲಗೈಯೂ ಎಡಗಣ್ಣೂ ಇರುವ ಉಳಿದ ಐವರ ಭುಜ ಬದಲಿಸುವುದೋ, ಎಡಗಣ್ಣಿಗೆ ಪಟ್ಟಿ ಕಟ್ಟಿ ಬಲಗಣ್ಣನ್ನೇ ಪಳಗಿಸುವುದೋ ಎಂದು ಹವಾಲ್ದಾರರೂ ಅವಳೂ ನಾನೂ ವಾರದಿಂದ ವಾದ ಮಾಡುತ್ತಿದ್ದೇವೆ. ನಾಳೆ ಬೆಳಿಗ್ಗೆ ಆರಕ್ಕೆ ಒಬ್ಬನಿಗೆ ಎರಡೂ ಥರ ಐದೈದು ಗುಂಡು ಕೊಟ್ಟು ನೋಡುವುದೆಂದು ಗೊತ್ತಾಗಿದೆ.